ವ್ಯಸನಮುಕ್ತಿ: ಸಂಕಲ್ಪಕ್ಕೆ ಚಿಕಿತ್ಸೆಯ ಆಸರೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳು ಸೇರಿ ಬೆಂಗಳೂರಿನ ಬಿಟಿಎಂ ಲೇಔಟ್ ಎಂಬ ಹೆಸರು ಹುಟ್ಟಿತು. ವಿದ್ಯಾಭ್ಯಾಸಕ್ಕೆಂದೂ ಉದ್ಯೋಗಕ್ಕೆಂದೂ ನಾಡಿನ ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ಇಂದು ಅಲ್ಲಿನ ಪಿ.ಜಿ.ಗಳಲ್ಲಿಯೂ ಬಾಡಿಗೆ ಮನೆಗಳಲ್ಲಿಯೂ ತುಂಬಿದ್ದಾರೆ. ನಮ್ಮ ಭಕ್ತರ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ. ಈ ಬಡಾವಣೆಗೆ ಇನ್ನೊಂದು ವಿಶೇಷವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯೂ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಇದರ ನೆರೆಯಲ್ಲಿಯೇ ಇವೆ. ನಿಮ್ಹಾನ್ಸ್ ತನ್ನ ‘ಸೆಂಟರ್ ಫಾರ್ ವೆಲ್ ಬೀಯಿಂಗ್’ ಎಂಬ ಮನಃಸ್ವಾಸ್ಥ್ಯ ಕೇಂದ್ರವನ್ನು ಬಿಟಿಎಂ ಲೇಔಟಿನಲ್ಲಿಯೇ ತೆರೆಯಿತು. ಮೊಬೈಲು ಮತ್ತು ಅಂತರ್ಜಾಲದ ಅತಿಬಳಕೆಗೆ ಸಿಲುಕಿದವರಿಗಾಗಿ 2014ರಲ್ಲಿ ಪ್ರಾರಂಭವಾದ ‘ಶಟ್ ಕ್ಲಿನಿಕ್’ ಇಲ್ಲಿಯೇ ಕಣ್ದೆರೆಯಿತು.

ಮದ್ಯ ಮತ್ತು ಮಾದಕವಸ್ತುಗಳ ವ್ಯಸನದ ಬಗ್ಗೆ ನಮ್ಮ ದೇಶದಲ್ಲಿ ನಡೆದಿರುವ ಮಹತ್ವದ ಸಂಶೋಧನೆಗಳಲ್ಲಿ ಅನೇಕವು ಈ ನೆರೆಹೊರೆಯಲ್ಲಿಯೇ ರೂಪುಗೊಂಡವು. ಅವುಗಳೆಲ್ಲದರ ಸಾರವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಮೊದಲನೆಯದು, ವ್ಯಸನವು ಕೇವಲ ನಡತೆಯ ದೋಷವಲ್ಲ, ಚಿಕಿತ್ಸೆಗೆ ಒಳಪಡುವ ರೋಗ. ಎರಡನೆಯದು, ಅದನ್ನು ಗುಣಪಡಿಸುವುದು ಯಾವೊಬ್ಬರಿಂದಲೂ ಆಗುವ ಕೆಲಸವಲ್ಲ. ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಮನೆಯವರು, ಮಠ-ಮಾನ್ಯಗಳು ಎಲ್ಲರೂ ಕೈಗೂಡಿಸಿದಾಗಲೇ ಅದು ಸಾಧ್ಯವಾಗುತ್ತದೆ.

ಜೋಳಿಗೆಯ ಪರಂಪರೆ

ಈ ವಿಷಯದಲ್ಲಿ ಮಠಗಳ ಪಾತ್ರ ಹೊಸದೇನೂ ಅಲ್ಲ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಮನೆಮನೆಗೆ ಹೊರಟರು. ಅವರು ಬೇಡಿದ್ದು ಕಾಳು-ಕಾಸುಗಳನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತವನ್ನೂ ತಂಬಾಕನ್ನೂ ಜೋಳಿಗೆಗೆ ಹಾಕಿ ಬದುಕನ್ನು ಮರಳಿ ಕಟ್ಟಿಕೊಂಡ ಕುಟುಂಬಗಳು ನಾಡಿನಲ್ಲಿ ಅಸಂಖ್ಯವಾಗಿವೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ‘ವ್ಯಸನಮುಕ್ತ ದಿನ’ವೆಂದು ಆಚರಿಸುತ್ತಿದೆ.

ಜೋಳಿಗೆಯ ಶಕ್ತಿಯಿರುವುದು ಸಂಕಲ್ಪದಲ್ಲಿ. ಗುರುವಿನ ಮುಂದೆ, ಊರಿನ ಮುಂದೆ, ಹೆಂಡತಿ-ಮಕ್ಕಳ ಮುಂದೆ ಮಾಡಿದ ಸಂಕಲ್ಪವು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ. ‘ನಾನು ಬದಲಾಗಬೇಕು’ ಎಂಬ ಪ್ರೇರಣೆಯಿಲ್ಲದೆ ಯಾವ ಔಷಧವೂ ಬಹುಕಾಲ ಫಲಿಸದೆಂಬುದನ್ನು ಆಧುನಿಕ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಬಹುಕಾಲದಿಂದ ದಿನವೂ ಕುಡಿಯುತ್ತ ಬಂದವನ ವಿಷಯದಲ್ಲಿ ಸಂಕಲ್ಪ ಮಾಡಿದ ಮರುದಿನದಿಂದಲೇ ದೇಹದೊಳಗೆ ಒಂದು ಬಿರುಗಾಳಿ ಏಳುತ್ತದೆ. ಇದನ್ನು ಪ್ರತಿಯೊಂದು ಮನೆಯೂ, ವ್ಯಸನಮುಕ್ತಿ ಶಿಬಿರ ನಡೆಸುವ ಪ್ರತಿಯೊಂದು ಸಂಘಟನೆಯೂ ಅರಿತಿರಬೇಕು.

ಬಿಟ್ಟ ಮೊದಲ ನಾಲ್ಕು ದಿನಗಳು

ಮದ್ಯವು ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ಅದು ವರ್ಷಗಟ್ಟಲೆ ಒಳಗೆ ಹೋಗುತ್ತಿದ್ದರೆ ಮಿದುಳು ಅದರ ಒತ್ತಡಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯುತ್ತದೆ. ಮದ್ಯವು ಹಠಾತ್ತನೆ ನಿಂತಾಗ ಆ ಒತ್ತಡ ಇಲ್ಲವಾಗುತ್ತದೆ, ಹೆಚ್ಚಿದ ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಸಲ ಕುಡಿದ ಆರೆಂಟು ಗಂಟೆಗಳಲ್ಲಿಯೇ ಕೈನಡುಕ, ಬೆವರು, ವಾಕರಿಕೆ, ಎದೆಬಡಿತದ ಏರಿಕೆ, ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆರೋಗದಂತೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಲ್ಲಿ ಸನ್ನಿಯ ಸ್ಥಿತಿ ಉಂಟಾಗುತ್ತದೆ. ಹಗಲು-ರಾತ್ರಿಯ ಅರಿವು ತಪ್ಪುತ್ತದೆ, ಇಲ್ಲದ ಹುಳು-ಹಾವುಗಳು ಕಣ್ಣಿಗೆ ಕಾಣುತ್ತವೆ, ಜ್ವರವೂ ರಕ್ತದೊತ್ತಡವೂ ಏರುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಈ ಸ್ಥಿತಿಯು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು.

ನಮ್ಮ ಹಳ್ಳಿಗಳಲ್ಲಿ ಇಂಥ ರೋಗಿಯನ್ನು ಕಂಡು ‘ಗಾಳಿ ಸೋಕಿದೆ’ ಎಂದು ಭಾವಿಸುವುದುಂಟು. ಇನ್ನು ಕೆಲವರು ‘ಕುಡಿತ ಬಿಟ್ಟದ್ದರಿಂದಲೇ ಹೀಗಾಯಿತು, ಸ್ವಲ್ಪ ಕುಡಿಸಿಬಿಡಿ’ ಎನ್ನುತ್ತಾರೆ. ಎರಡೂ ಸರಿಯಲ್ಲ. ಮಾಡಬೇಕಾದ ಕೆಲಸ ಒಂದೇ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಅಲ್ಲಿ ವೈದ್ಯರು ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಮೊದಲಾದ ಔಷಧಗಳನ್ನು ಕೊಟ್ಟು ಕೆಲವು ದಿನಗಳಲ್ಲಿ ಕ್ರಮೇಣ ತಗ್ಗಿಸುತ್ತಾರೆ. ಇದರ ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವವು ಅತ್ಯಗತ್ಯ. ಕುಡಿತದಿಂದ ಸೊರಗಿದ ದೇಹದಲ್ಲಿ ಇದರ ಕೊರತೆಯಿರುವುದರಿಂದ, ಥಯಮಿನ್ ಕೊಡದೆ ಕೇವಲ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ತೀವ್ರ ಹಾನಿಯಾಗಿ ನೆನಪಿನ ಶಕ್ತಿಯೇ ಶಾಶ್ವತವಾಗಿ ಕುಂದಬಹುದು. ಆದಕಾರಣ ರೋಗಿಯು ಕುಡಿಯುತ್ತಿದ್ದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು ಮನೆಯವರ ಕರ್ತವ್ಯ.

ಕುಡಿಯುವವರೆಲ್ಲರಿಗೂ ಈ ಅಪಾಯ ಸಮಾನವಾಗಿರುವುದಿಲ್ಲ. ಬೆಳಿಗ್ಗೆ ಎದ್ದೊಡನೆ ಕುಡಿಯದೆ ಕೈನಡುಕ ನಿಲ್ಲದವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು, ಯಕೃತ್ತಿನ ತೊಂದರೆಯುಳ್ಳವರು, ವಯಸ್ಸಾದವರು ವೈದ್ಯರ ಆಸರೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಇಂಥವರು ಸಂಕಲ್ಪವನ್ನು ಮುಂದೂಡಬೇಕಾಗಿಲ್ಲ. ಸಂಕಲ್ಪ ಮಾಡಿದ ದಿನವೇ ವೈದ್ಯರನ್ನು ಕಂಡರೆ ಸಾಕು.

ಅಂಕಿ-ಅಂಶಗಳು ತೋರುವ ಕೊರತೆ

ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಗಾಗಿ ದೇಶದಾದ್ಯಂತ ಸಮೀಕ್ಷೆ ನಡೆಸಿ 2019ರಲ್ಲಿ ವರದಿ ಪ್ರಕಟಿಸಿತು. ಅದರಂತೆ 10ರಿಂದ 75 ವರ್ಷದ ಜನರಲ್ಲಿ ಶೇ 14.6ರಷ್ಟು, ಎಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರ ಕುಡಿತವು ಹಾನಿಕರವಾಗಿದೆ ಅಥವಾ ವ್ಯಸನವಾಗಿ ಬೆಳೆದಿದೆ. ಇದಕ್ಕಿಂತ ಮನಕಲಕುವ ಸಂಗತಿ ಇನ್ನೊಂದಿದೆ. ಮದ್ಯವ್ಯಸನಕ್ಕೆ ಸಿಲುಕಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆಯುತ್ತಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆಯುವವರು 180ರಲ್ಲಿ ಒಬ್ಬರು.

ನಿಮ್ಹಾನ್ಸ್ ಮುಂದಾಳುತನದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಇದನ್ನೇ ಹೇಳಿತು. ಮದ್ಯಸಂಬಂಧಿ ರೋಗವಿರುವವರಲ್ಲಿ ಶೇ 86ರಷ್ಟು ಜನರಿಗೆ ಚಿಕಿತ್ಸೆ ತಲುಪಿರಲಿಲ್ಲ.

ಮನೆಯ ಮೇಲೆ ಬೀಳುವ ಹೊರೆಯನ್ನು ನಿಮ್ಹಾನ್ಸ್‌ನ ಡಾ. ವಿವೇಕ ಬೆನಗಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಕಣ್ಣಿಗೆ ಕಟ್ಟುವಂತೆ ತೋರಿಸಿತು. ವ್ಯಸನಮುಕ್ತಿ ಚಿಕಿತ್ಸೆಗೆ ದಾಖಲಾದ 113 ಜನರ ಲೆಕ್ಕ ಹಾಕಿದಾಗ ಅವರ ಸರಾಸರಿ ಮಾಸಿಕ ಗಳಿಕೆ 1,661 ರೂಪಾಯಿಯಾಗಿತ್ತು, ಕುಡಿತಕ್ಕೆ ಮಾಡುತ್ತಿದ್ದ ಸರಾಸರಿ ವೆಚ್ಚ 1,938 ರೂಪಾಯಿಯಾಗಿತ್ತು. ದುಡಿದದ್ದಕ್ಕಿಂತ ಕುಡಿದದ್ದು ಹೆಚ್ಚು. ಉಳಿದ ಅಂತರವನ್ನು ತುಂಬಿದ್ದು ಸಾಲ, ಮಡದಿಯ ದುಡಿಮೆ, ಮಕ್ಕಳ ಹೊಟ್ಟೆ-ಬಟ್ಟೆಗೆ ಮೀಸಲಾದ ಹಣ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದು ನಂಬಿದ ಸಮಾಜಕ್ಕೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದ್ದೀತು?

ಒಬ್ಬರಿಂದಾಗದ ಕೆಲಸ

ಇಷ್ಟೊಂದು ಜನರಿಗೆ ಚಿಕಿತ್ಸೆ ತಲುಪಿಸಲು ಬೇಕಾದಷ್ಟು ಮನೋವೈದ್ಯರು ನಮ್ಮಲ್ಲಿಲ್ಲ. ಇರುವವರಲ್ಲಿಯೂ ಹೆಚ್ಚಿನವರು ನಗರಗಳಲ್ಲಿದ್ದಾರೆ. ಈ ತೊಡಕಿಗೆ ಕರ್ನಾಟಕವು ಬಹುಹಿಂದೆಯೇ ಒಂದು ದಾರಿ ಕಂಡುಕೊಂಡಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ, ಚಿಕಿತ್ಸೆ ನೀಡುವ ತರಬೇತಿ ಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಅದರ ಮುಂದಿನ ಹೆಜ್ಜೆಯನ್ನು ತಂತ್ರಜ್ಞಾನವು ಸಾಧ್ಯವಾಗಿಸಿತು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ‘ಎಕೋ’ ಎಂಬ ಯೋಜನೆಯನ್ನು ಆರಂಭಿಸಿದ್ದರು. ದೂರದ ಹಳ್ಳಿಗಳ ವೈದ್ಯರು ವಾರಕ್ಕೊಮ್ಮೆ ವಿಡಿಯೋ ಮೂಲಕ ತಜ್ಞರೊಡನೆ ಕೂಡಿ, ತಮ್ಮಲ್ಲಿಗೆ ಬಂದ ರೋಗಿಗಳ ಸಮಸ್ಯೆಗಳನ್ನು ಹೆಸರು ಹೇಳದೆ ಮುಂದಿಟ್ಟು ಚರ್ಚಿಸುವುದು ಅದರ ಕ್ರಮ. ಮೊದಲಿಗೆ ಯಕೃತ್ತಿನ ಸೋಂಕಿನ ಚಿಕಿತ್ಸೆಗಾಗಿ ಹುಟ್ಟಿದ ಈ ಪದ್ಧತಿಯನ್ನು ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ಅಳವಡಿಸಿಕೊಂಡಿತು. 2016ರಲ್ಲಿ ಬಿಹಾರದಲ್ಲಿ ಪಾನನಿಷೇಧ ಜಾರಿಯಾಗಿ, ಕುಡಿತ ನಿಂತವರು ಆಸ್ಪತ್ರೆಗಳಿಗೆ ಬರತೊಡಗಿದಾಗ ಅಲ್ಲಿನ ಜಿಲ್ಲಾ ವೈದ್ಯರಿಗೆ ಬೆಂಗಳೂರಿನ ತಜ್ಞರು ಹೀಗೆ ಆಸರೆಯಾದರು.

ಈ ಕ್ರಮದಲ್ಲಿ ಕಲಿಸುವವರು ಒಂದು ಕಡೆ, ಕಲಿಯುವವರು ಇನ್ನೊಂದು ಕಡೆ ಎಂಬ ಭೇದವಿಲ್ಲ. ತಜ್ಞರಿಗೆ ಔಷಧದ ಅರಿವು ಹೆಚ್ಚು, ಹಳ್ಳಿಯ ವೈದ್ಯರಿಗೆ ರೋಗಿಯ ಮನೆ, ಗದ್ದೆ, ಸಾಲ, ಜಗಳಗಳ ಅರಿವು ಹೆಚ್ಚು. ನಾನಾ ಕಾಯಕದವರು ಸಮಾನರಾಗಿ ಕುಳಿತು ತಮ್ಮ ಅನುಭವವನ್ನು ಹಂಚಿಕೊಂಡ ಅನುಭವ ಮಂಟಪದ ವಾರಸುದಾರರಾದ ನಮಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಒಬ್ಬ ರೋಗಿಯ ಚಿಕಿತ್ಸೆಯಲ್ಲಿಯೂ ಇದೇ ಸಹಕಾರ ಬೇಕು. ಮನೋವೈದ್ಯರು ಔಷಧವನ್ನು ನಿರ್ಧರಿಸುತ್ತಾರೆ. ಮನಶ್ಶಾಸ್ತ್ರಜ್ಞರು ಕುಡಿಯುವ ಬಯಕೆ ಯಾವ ಹೊತ್ತಿನಲ್ಲಿ, ಯಾರ ಸಂಗದಲ್ಲಿ, ಯಾವ ದುಃಖದಲ್ಲಿ ಏಳುತ್ತದೆಂಬುದನ್ನು ರೋಗಿಯೊಡನೆ ಕುಳಿತು ಬಿಡಿಸಿ ನೋಡುತ್ತಾರೆ. ಸಮಾಜ ಕಾರ್ಯಕರ್ತರು ಸಂಸಾರದ ಮುರಿದ ಕೊಂಡಿಗಳನ್ನು ಬೆಸೆಯುತ್ತಾರೆ. ಶುಶ್ರೂಷಕಿಯರು ಹಗಲಿರುಳು ರೋಗಿಯ ಸ್ಥಿತಿಯನ್ನು ಗಮನಿಸುತ್ತಾರೆ. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಚಿಕಿತ್ಸೆ ಕುಂಟುತ್ತದೆ.

ದೇಶ-ದೇಶಗಳ ಸಂಶೋಧನೆ

ರೋಗವು ಮುದುರಿಕೊಳ್ಳುವ ಮೊದಲೇ ಅದನ್ನು ಗುರುತಿಸುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಆರು ದೇಶಗಳ ಸಂಶೋಧಕರ ಸಹಕಾರದಿಂದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿತು. ಎಷ್ಟು ಸಲ ಕುಡಿಯುತ್ತೀರಿ, ಒಮ್ಮೆಗೆ ಎಷ್ಟು ಕುಡಿಯುತ್ತೀರಿ, ಕುಡಿದದ್ದರಿಂದ ಮಾಡಬೇಕಾದ ಕೆಲಸ ತಪ್ಪಿದೆಯೇ, ಬೆಳಿಗ್ಗೆ ಕುಡಿಯಬೇಕೆನಿಸುತ್ತದೆಯೇ, ಮನೆಯವರೋ ವೈದ್ಯರೋ ಕಡಿಮೆ ಮಾಡೆಂದು ಹೇಳಿದ್ದಾರೆಯೇ ಎಂಬಂಥ ಸರಳ ಪ್ರಶ್ನೆಗಳವು. ಒಟ್ಟು 40 ಅಂಕಗಳಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ ಬಾರಿಸಿತೆಂದು ತಿಳಿಯಬೇಕು. ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದವರಲ್ಲಿ ಮದ್ಯದ ಪಾತ್ರವೇನೆಂದು ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಅಧ್ಯಯನ ನಡೆಸಿದಾಗ ಭಾರತದಿಂದ ಆಯ್ಕೆಯಾದ ನಗರ ಬೆಂಗಳೂರು.

ನಮ್ಮ ಭಕ್ತರಿಗೆ ಹೆಚ್ಚು ಭರವಸೆ ನೀಡಬಲ್ಲ ಸಂಶೋಧನೆಯೊಂದು ನೆರೆಯ ಗೋವೆಯಲ್ಲಿ ನಡೆಯಿತು. ಅಲ್ಲಿನ ‘ಸಂಗಾತ್’ ಸಂಸ್ಥೆಯು ಮನೋವೈದ್ಯಕೀಯ ಪದವಿಯಿಲ್ಲದ ಸಾಮಾನ್ಯ ಜನರನ್ನೇ ಆರಿಸಿ ಆಪ್ತಸಲಹೆಗಾರರನ್ನಾಗಿ ತರಬೇತುಗೊಳಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಕರ ಕುಡಿತದ 377 ಪುರುಷರಲ್ಲಿ ಒಂದು ಗುಂಪಿಗೆ ಇವರು ನಾಲ್ಕು ಬೈಠಕ್‌ಗಳವರೆಗೆ ಸಲಹೆ ನೀಡಿದರು. ಮೂರು ತಿಂಗಳ ಬಳಿಕ ನೋಡಿದಾಗ, ಹಿಂದಿನ ಹದಿನಾಲ್ಕು ದಿನ ಹನಿಯನ್ನೂ ಮುಟ್ಟದವರು ಸಲಹೆ ಪಡೆದ ಗುಂಪಿನಲ್ಲಿ ಶೇ 42ರಷ್ಟಿದ್ದರು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ 18ರಷ್ಟಿದ್ದರು. ಪ್ರತಿಷ್ಠಿತ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಸಹನೆಯಿಂದ ಆಲಿಸುವ, ಸರಿಯಾದ ತರಬೇತಿ ಪಡೆದ ಸಾಮಾನ್ಯನೂ ಇನ್ನೊಬ್ಬನ ಬದುಕನ್ನು ತಿರುಗಿಸಬಲ್ಲನೆಂಬುದು ಇದರಿಂದ ದೃಢಪಟ್ಟಿತು.

ಮಕ್ಕಳ ಮತ್ತು ತರುಣರ ಬಗ್ಗೆ ನಡೆದ ‘ಸಿ-ವೇದ’ ಅಧ್ಯಯನವೂ ಗಮನಾರ್ಹವಾದುದು. 2016ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಜೊತೆಗೂಡಿ ಇದನ್ನು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಸೇಂಟ್ ಜಾನ್ಸ್, ಮೈಸೂರು, ಋಷಿ ಕಣಿವೆ, ಚಂಡೀಗಢ, ಕೋಲ್ಕತ್ತ, ಇಂಫಾಲ್ ಹೀಗೆ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸಾವಿರಾರು ಮಕ್ಕಳು, ತರುಣರು ಇದರಲ್ಲಿ ಪಾಲ್ಗೊಂಡರು. ಬಾಲ್ಯದ ಪೋಷಣೆ, ಮನೆಯ ವಾತಾವರಣ, ಅನುಭವಿಸಿದ ಕಷ್ಟ, ವಂಶವಾಹಿಗಳು ಇವೆಲ್ಲ ಬೆಳೆಯುವ ಮಿದುಳಿನ ಮೇಲೆ ಏನು ಪರಿಣಾಮ ಬೀರುತ್ತವೆ, ವ್ಯಸನದ ಬೀಜ ಎಲ್ಲಿ ಮೊಳೆಯುತ್ತದೆ ಎಂಬುದು ಅದರ ಶೋಧ. ತಂದೆಗೆ ಮದ್ಯವ್ಯಸನವಿದ್ದ ಮನೆಯ ಮಕ್ಕಳಿಗೆ ಅಪಾಯ ಹೆಚ್ಚೆಂಬುದು ಈಗಾಗಲೇ ತಿಳಿದ ಮಾತು. ಆದರೆ ಅದು ಹಣೆಬರಹವಲ್ಲ. ಅಂಥ ಮಕ್ಕಳು ಮೊದಲ ಗುಟುಕನ್ನು ಎಷ್ಟು ತಡಮಾಡಿದರೆ, ಸಾಧ್ಯವಾದರೆ ಮುಟ್ಟದೆಯೇ ಉಳಿದರೆ ಅಷ್ಟು ಕ್ಷೇಮ. ಏಕೆಂದರೆ ವಿವೇಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ.

ನಗರದಲ್ಲಿರುವ ಮಕ್ಕಳು, ಊರಿನಲ್ಲಿರುವ ತಾಯ್ತಂದೆಯರು

ನಗರಕ್ಕೆ ಬಂದ ತರುಣರನ್ನು ಮದ್ಯದ ಜೊತೆಗೆ ಗಾಂಜಾ, ಮಾತ್ರೆಗಳು, ಅಫೀಮು ವರ್ಗದ ವಸ್ತುಗಳೂ ಕಾಡುತ್ತವೆ. ರಾತ್ರಿ ಪಾಳಿಯ ಕೆಲಸ, ಒಂಟಿತನ, ಕೆಲಸ ಕಳೆದುಕೊಳ್ಳುವ ಭಯ ಇವು ಅದಕ್ಕೆ ದಾರಿ ಮಾಡಿಕೊಡುತ್ತವೆ. ಫೋನಿನಲ್ಲಿ ಮಾತು ಕಡಿಮೆಯಾಗುವುದು, ಮೇಲಿಂದ ಮೇಲೆ ಹಣ ಕೇಳುವುದು, ಹಗಲು ನಿದ್ದೆ, ಹಳೆಯ ಗೆಳೆಯರನ್ನು ಬಿಡುವುದು ಇವು ಗಮನಿಸಬೇಕಾದ ಸೂಚನೆಗಳು. ಇವೆಲ್ಲವೂ ವ್ಯಸನದಿಂದಲೇ ಆಗಬೇಕೆಂದಿಲ್ಲ, ಖಿನ್ನತೆಯಿಂದಲೂ ಆಗಬಹುದು. ಆದ್ದರಿಂದ ಬೈಗುಳಕ್ಕಿಂತ ಮೊದಲು ವಿಚಾರಣೆ ಇರಲಿ.

‘ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ’ ಎಂಬ ಭಯ ಅನೇಕ ಹೆತ್ತವರಲ್ಲಿದೆ. ಆದರೆ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಪಟ್ಟರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಪಡೆಯಲು 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು ಅವಕಾಶ ಕಲ್ಪಿಸಿದೆ. ಅಫೀಮು ವರ್ಗದ ವಸ್ತುವನ್ನು ಕೆಲವು ವಾರ ಬಿಟ್ಟವನು ಮತ್ತೆ ಹಿಂದಿನಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ ದೇಹವು ಅದನ್ನು ತಾಳದೆ ಉಸಿರೇ ನಿಲ್ಲಬಹುದೆಂಬ ಎಚ್ಚರವೂ ಮನೆಯವರಿಗಿರಬೇಕು.

ಮನೆ ಮತ್ತು ಮಠ ಮಾಡಬಹುದಾದುದು

1. ರೋಗಿಗೆ ತಿಳಿಯದಂತೆ ಊಟದಲ್ಲಿ ಔಷಧ ಬೆರೆಸಬೇಡಿ. ‘ಕುಡಿತ ಬಿಡಿಸುವ ಪುಡಿ’ ಎಂದು ಮಾರುವ ವಸ್ತುಗಳಲ್ಲಿ ಏನಿದೆಯೆಂಬುದು ಯಾರಿಗೂ ತಿಳಿಯದು. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಸೇವಿಸಿದವರು ಮದ್ಯ ಮುಟ್ಟಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೆ ಕುತ್ತು ಬರಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು. ಕುಡಿಯುವ ತೀವ್ರ ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬ ಔಷಧಗಳೂ ಇವೆ. ಯಾವುದು ಯಾರಿಗೆ ಹೊಂದುವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

2. ಹೊಡೆದು, ಕಟ್ಟಿಹಾಕಿ ಚಟ ಬಿಡಿಸುವೆವೆಂಬ ಕೇಂದ್ರಗಳಿಗೆ ಕಳುಹಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ಬಳಕೆಯಿಂದಾದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಅದು ನಿಷೇಧಿಸಿದೆ. ಕೇಂದ್ರವು ನೋಂದಾಯಿತವೇ, ಅಲ್ಲಿ ವೈದ್ಯರಿದ್ದಾರೆಯೇ ಎಂದು ಮೊದಲು ವಿಚಾರಿಸಿ.

3. ಶಿಬಿರ ಏರ್ಪಡಿಸುವ ಮಠಗಳು, ಬಸವ ಕೇಂದ್ರಗಳು, ಅಕ್ಕನ ಬಳಗಗಳು ಶಿಬಿರಕ್ಕೆ ಮೊದಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸಲಿ. ಸಂಕಲ್ಪ ಮಾಡುವವರನ್ನು ಪರೀಕ್ಷಿಸಿ, ಅಪಾಯವುಳ್ಳವರನ್ನು ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿರಲಿ. ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು ತಮಿಳುನಾಡಿನ ಮಂಜಕ್ಕುಡಿ ಗ್ರಾಮದಲ್ಲಿ ವೈದ್ಯರನ್ನೂ ಊರಿನವರನ್ನೂ ಜೊತೆಗೂಡಿಸಿ ನಡೆಸಿದ ಶಿಬಿರಗಳು ಹಳ್ಳಿಯಲ್ಲಿಯೂ ಸುರಕ್ಷಿತ ಚಿಕಿತ್ಸೆ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿವೆ.

4. ಶಿಬಿರ ಮುಗಿದ ಬಳಿಕ ಕೈಬಿಡಬೇಡಿ. ಬಿಟ್ಟ ಮೊದಲ ಕೆಲವು ತಿಂಗಳುಗಳಲ್ಲಿ ಮರಳಿ ಜಾರುವ ಸಾಧ್ಯತೆ ಹೆಚ್ಚು. ವಾರಕ್ಕೊಮ್ಮೆ ಭೇಟಿಯಾಗುವ ಬಳಗವೊಂದು ಊರಿನಲ್ಲಿರಲಿ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗವು ಕುಡಿತ ಬಿಟ್ಟವರೇ ಪರಸ್ಪರ ಆಸರೆಯಾಗುವ ಇಂಥ ಕೂಟ. ಬೆಂಗಳೂರಿನಲ್ಲಿಯೂ ಅದರ ಸಭೆಗಳು ನಡೆಯುತ್ತವೆ.

5. ಜಾರಿದವನನ್ನು ಹೀಗಳೆಯಬೇಡಿ. ಮಧುಮೇಹಿಯ ಸಕ್ಕರೆ ಏರಿದರೆ ನಾವು ಅವನನ್ನು ಪಾಪಿಯೆನ್ನುವುದಿಲ್ಲ, ವೈದ್ಯರಲ್ಲಿಗೆ ಕರೆದೊಯ್ಯುತ್ತೇವೆ. ವ್ಯಸನವೂ ಹಾಗೆಯೇ ಮರುಕಳಿಸುವ ಸ್ವಭಾವದ ರೋಗ. ಮರುಕಳಿಸಿತೆಂದರೆ ಚಿಕಿತ್ಸೆಯನ್ನು ಬದಲಿಸಬೇಕೆಂದು ಅರ್ಥ, ಮನುಷ್ಯನು ಕೆಟ್ಟನೆಂದಲ್ಲ.

6. ಮಡದಿ-ಮಕ್ಕಳ ಆರೋಗ್ಯವನ್ನು ಮರೆಯಬೇಡಿ. ವರ್ಷಗಟ್ಟಲೆ ನೊಂದ ಆ ಜೀವಗಳಿಗೂ ಆಪ್ತಸಲಹೆ ಬೇಕು. ಮನೆಯಲ್ಲಿ ಹಿಂಸೆಯಿದ್ದರೆ ಅವರ ರಕ್ಷಣೆಯೇ ಮೊದಲ ಕೆಲಸ.

ಉಚಿತ ಸಲಹೆಗಾಗಿ 14416 ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ‘ಟೆಲಿ-ಮಾನಸ್’ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ತಂಬಾಕು ಬಿಡಬಯಸುವವರಿಗೆ 1800-11-2356 ಸಂಖ್ಯೆಯಿದೆ. ಜಿಲ್ಲಾಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿಯೂ ಚಿಕಿತ್ಸೆ ಲಭ್ಯ.

ಜಂಗಮದ ಜೋಳಿಗೆಗೆ ಬಿದ್ದ ಚಟವು ಮತ್ತೆ ಮನೆಗೆ ಮರಳದಿರಬೇಕಾದರೆ ಆ ಜೋಳಿಗೆಯನ್ನು ಹಲವು ಕೈಗಳು ಹಿಡಿಯಬೇಕು. ಗುರುವಿನ ಮಾತು ಬಾಗಿಲು ತೆರೆಯಲಿ, ವೈದ್ಯರ ಔಷಧವು ಮೊದಲ ದಿನಗಳನ್ನು ದಾಟಿಸಲಿ, ಮನೆಯವರ ಸಹನೆಯೂ ಊರಿನವರ ಸಂಗವೂ ಮುಂದಿನ ವರ್ಷಗಳನ್ನು ಕಾಯಲಿ. ಈ ತಿಂಗಳು ತಮ್ಮ ಊರಿನ ಬಳಗವು ಸೇರಿದಾಗ ಹತ್ತಿರದ ಆಸ್ಪತ್ರೆಯ ವೈದ್ಯರೊಬ್ಬರನ್ನು ಆಹ್ವಾನಿಸಿ ಈ ವಿಷಯದ ಬಗ್ಗೆ ಒಂದು ಗಂಟೆ ಮಾತನಾಡಿಸಬೇಕೆಂದು ಸದ್ಭಕ್ತರಲ್ಲಿ ವಿನಂತಿ.